ಕಾಕಾನ ಮಚ್ಛರದಾನಿ

ನಮ್ಮ ಕಾಕಾನಿಗೆ ಇಬ್ಬರು ಹೆಂಡಂದಿರಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ಒಬ್ಬಳು ನಾಲ್ಕು ಜನರೆದುರು ತಾಳಿ ಕಟ್ಟಿಸಿಕೊಂಡು ಬಂದ ನಮ್ಮ ಚಿಗವ್ವ. ಇನ್ನೊಬ್ಬಳು ಒಂದು ಸೊಳ್ಳೆ ಪರದೆ! ಹೊತ್ತು ಮುಳುಗಿದರೆ ಕಾಕಾ ಎರಡನೆಯವಳ ಮಡಿಲು ಸೇರುತ್ತಿದ್ದ. ಮೊದಲನೆಯವಳು ಹೊರಗೆ ಫರಸಿಕಲ್ಲಿನ ನೆಲದ ಮೇಲೆ ಚಾಪೆ ಹಾಸಿಕೊಳ್ಳುತ್ತಿದ್ದಳು.

ನಿಜಾಮರ ಆಡಳಿತ ಮುಗಿದು, ಹೈದರಾಬಾದ ರಾಜ್ಯ ಇನ್ನೂ ಹಂಚಿಹೋಗದಿದ್ದ ಕಾಲ. ನಾನು ಶಹಾಬಾದದ ಸಾಲೆಗೆ ಹೊಸದಾಗಿ ಮಾಸ್ತರನಾಗಿ ಬಂದು ಕಾಕಾನ ಮನೆಯಲ್ಲೇ ಇದ್ದೆ. ಮಠದ ಬೋರ್ಡಿಂಗಿನಲ್ಲಿ ಗಂಟೆ ಬಡಿದರೆ ಏಳುವುದು, ಗಂಟೆ ಬಡಿದರೆ ಉಣ್ಣುವುದು ಕಲಿತವನು ನಾನು. ಆ ಕಟ್ಟುನಿಟ್ಟು ಕಾಕಾನ ಶಿಸ್ತಿನ ಮುಂದೆ ಏನೇನೂ ಅಲ್ಲ. ದೀಪ ಹಚ್ಚುವ ಹೊತ್ತಿಗೆ ಪರದೆ ಇಳಿಯಬೇಕು, ಕೋಳಿ ಕೂಗುವ ಹೊತ್ತಿಗೆ ಏರಬೇಕು. ಊರಲ್ಲಿ ಅದಕ್ಕೆ ಮಚ್ಛರದಾನಿ ಎನ್ನುತ್ತಿದ್ದರು. ಎರಡನೆಯ ದೊಡ್ಡ ಲಡಾಯಿ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಮಾಲು. ದಟ್ಟ ಹಸಿರು ಬಣ್ಣ, ಒಬ್ಬನೇ ಮಲಗುವಷ್ಟು ಅಗಲ.

ಅದರೊಳಗೆ ಕಾಕಾ ಸೇರುವುದೇ ಒಂದು ಪೂಜೆ. ಆತ ಮಂಚದ ಮೇಲೆ ಕೈಕಾಲು ಮಡಚಿ ಮಲಗಬೇಕು. ಚಿಗವ್ವ ಸುತ್ತ ತಿರುಗುತ್ತ ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಗಿಸುತ್ತ ಬರಬೇಕು. ಪಡುವಲ ಕಡೆ ಹೊಲಸು ನೀರಿನ ಗಟಾರವಿದ್ದುದರಿಂದ ಆ ಮೂಲೆಯ ಮೇಲೆ ಕಾಕಾನಿಗೆ ವಿಶೇಷ ಸಂಶಯ.

“ಪಡುವಲ ಮೂಲಿ ನೋಡಿದೇನು?” ಎಂದು ಒಳಗಿನಿಂದ ಹುಕುಂ ಬರುತ್ತಿತ್ತು.

“ನೋಡಿನ್ರಿ, ಮಲಕೋರಿ” ಎಂದು ಹೊರಗಿನಿಂದ ಉತ್ತರ.

ಒಂದು ದಿನವೂ ಈ ಮಂತ್ರ ತಪ್ಪಿದ್ದನ್ನು ನಾನು ಕಾಣೆ.

ಊರಿಗೆ ಹೋದರೂ ಮಚ್ಛರದಾನಿ ಬಗಲಲ್ಲೇ. ಒಮ್ಮೆ ನಾವಿಬ್ಬರೂ ವಾಡಿಯಲ್ಲಿ ಗಾಡಿ ಬದಲಿಸಿ ಸೇಡಂಗೆ ಹೊರಟಿದ್ದೆವು. ಚಿತ್ತಾಪುರ ದಾಟುವಷ್ಟರಲ್ಲಿ ಮಬ್ಬಾಯಿತು. ಮಬ್ಬಾದ ಮೇಲೆ ಕಾಕಾ ಬಯಲಲ್ಲಿ ಕೂಡುವುದುಂಟೆ? ಸಾಮಾನಿಡುವ ಹಲಗೆಗೆ ದಾರ ಬಿಗಿದು, ಮೂಲೆಯ ಸೀಟಿನ ಸುತ್ತ ಪರದೆ ಇಳಿಬಿಟ್ಟು ಒಳಗೆ ಕುಳಿತೇಬಿಟ್ಟ. ಟಿಕೀಟು ನೋಡುವ ಸಾಹೇಬರು ಬಂದರು. ವಯಸ್ಸಾದವರು, ಬಿಳಿಗಡ್ಡದ ಮರ್ಯಾದಸ್ಥರು. ಹಸಿರು ಪರದೆ ಕಂಡದ್ದೇ ಮುಖ ಆಚೆ ತಿರುಗಿಸಿ, ಎದೆಗೆ ಕೈಯಿಟ್ಟು, “ಮಾಫ್ ಕರ್ನಾ ಬೇಗಂ ಸಾಹೇಬಾ” ಎಂದರು. ಜನಾನಾ ಡಬ್ಬಿ ಮುಂದಿರುವಾಗ ಮನೆಯ ಹೆಣ್ಣುಮಗಳನ್ನು ಇಲ್ಲಿ ಕೂಡಿಸಬಹುದೇ ಎಂದು ನನಗೆ ಮೆಲ್ಲಗೆ ಬುದ್ಧಿ ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪರದೆಯ ಅಡಿಯಿಂದ ಕರಡಿಯಂಥ ಕೂದಲಿನ ಒಂದು ಕೈ ಹೊರಬಂತು.

“ಟಿಕೀಟ ಅದರೀ.”

ಸೇಡಂ ಬರುವವರೆಗೆ ಆ ಸಾಹೇಬರು ನಮ್ಮ ಡಬ್ಬಿಯ ಕಡೆ ಮತ್ತೆ ಹಾಯಲಿಲ್ಲ.

ಇಂಥ ಮಚ್ಛರದಾನಿಯನ್ನು ಮನೆಯ ಮಿಕ್ಕ ಅರಿವೆಗಳ ಸಂಗಡ ಒಗೆಯಲಾದೀತೇ? ಅದಕ್ಕೆಂದೇ ಕಾಕಾ ರಾವೂರಿನ ಗಣಿಯಿಂದ ಒಂದು ಕಲ್ಲಿನ ಡೋಣಿ ತರಿಸಿ ನೀರಿನ ತೊಟ್ಟಿಯಾಗಿ ಅಂಗಳದಲ್ಲಿ ಇಟ್ಟಿದ್ದ. ಅದರ ನೀರನ್ನು ಬೇರೆ ಯಾರೂ ಮುಟ್ಟಬಾರದು. ನೀರೋ, ತಳದ ಕಲ್ಲು ಕಾಣುವಷ್ಟು ತಿಳಿ. ಬಾವಿಯಿಂದ ಹೊತ್ತು ತರಬೇಕಾದ್ದರಿಂದ ಪೂರ್ತಿ ಚೆಲ್ಲುವ ಮಾತಿರಲಿಲ್ಲ. ಕಡಿಮೆಯಾದಷ್ಟು ಮೇಲೆ ತುಂಬಿದರಾಯಿತು. ಒಮ್ಮೆ ಅದರಲ್ಲಿ ಕೂದಲೆಳೆಯಂಥ ಹುಳಗಳು ತಲೆಕೆಳಗಾಗಿ ಕುಣಿಯುವುದನ್ನು ತೋರಿಸಿದೆ. ಜೀವವಿರುವ ನೀರೇ ಚೊಲೋ ನೀರು, ಇಷ್ಟೂ ತಿಳಿಯದವ ಸಾಲೆಯಲ್ಲಿ ಏನು ಕಲಿಸುತ್ತೀ ಎಂದು ಕಾಕಾ ನನ್ನನ್ನೇ ಝಾಡಿಸಿದ. ಸೊಳ್ಳೆ ಹುಟ್ಟುವುದು ಹೊಲಸಿನಲ್ಲಿ ಎಂಬುದು ಕಾಕಾನ ಸಿದ್ಧಾಂತ. ಅದಕ್ಕೇ ಆತ ಗಟಾರವನ್ನು ತಾನೇ ನಿಂತು ಬಳಿಸುತ್ತಿದ್ದ.

ಆ ವರ್ಷ ಮಳೆಗಾಲ ಮುಗಿಯುತ್ತಲೇ ನಮ್ಮ ಓಣಿಯಲ್ಲಿ ಜ್ವರ ಹೊಕ್ಕಿತು. ಕಲ್ಲು ಒಡೆಯುವ ಗಟ್ಟಿ ಆಳುಗಳೇ ಗೋಡೆ ಹಿಡಿದು ನಡೆಯುವಂತಾದರು. ಮಚ್ಛರದಾನಿ ಇಲ್ಲದವರ ಹಣೆಬರಹ ಎಂದು ಕಾಕಾ ಮರುಗಿದ. ಮರುಗಿ ಮುಗಿಸುವಷ್ಟರಲ್ಲಿ ಚಿಗವ್ವ ಮಲಗಿದಳು.

ಹಗಲು ಹೊತ್ತು ಆಕೆ ನೆಲಕ್ಕೆ ಬೆನ್ನು ಹಚ್ಚಿದ್ದನ್ನು ನಾನು ನೋಡಿದ್ದೇ ಆವಾಗ. ಮೈ ಕಾದ ಹಂಚು. ಕಣ್ಣುಗುಡ್ಡೆ ಹೊರಳಿಸಿದರೂ ನೋವು. ಎಲುಬುಗಳನ್ನು ಯಾರೋ ಒನಕೆಯಿಂದ ಕುಟ್ಟಿದಂತೆ ನರಳುತ್ತಿದ್ದಳು. ಹಕೀಮರ ಕಷಾಯವಾಯಿತು. ಕಂಪೌಂಡರನ ಕ್ವಿನೈನು ಆಯಿತು. ಅದರಿಂದ ಆಕೆಯ ಕಿವಿಯಲ್ಲಿ ರೈಲು ಕೂಗಿತೇ ಹೊರತು ಜ್ವರ ಇಳಿಯಲಿಲ್ಲ. ಮಲೇರಿಯಾ ಆಗಿದ್ದರೆ ಇಷ್ಟೊತ್ತಿಗೆ ಬಿಡಬೇಕಿತ್ತು ಎಂದು ಕಂಪೌಂಡರನೂ ಕೈಚೆಲ್ಲಿದ. ಒಬ್ಬರು ವಿಷಮಜ್ವರ ಎಂದರು, ಇನ್ನೊಬ್ಬರು ದೃಷ್ಟಿ ಎಂದರು. ನೆರೆಮನೆಯ ಮುದುಕಿ ಮಾತ್ರ ಹೊಸ್ತಿಲಲ್ಲಿ ನಿಂತು ಕಾಕಾನ ಮುಖಕ್ಕೇ ಅಂದಳು:

“ಗಂಡ ಮಚ್ಛರದಾನ್ಯಾಗ, ಹೆಂಡ್ತಿ ಮಚ್ಛರದ ಬಾಯಾಗ. ಛಂದ ಸಂಸಾರ ಮಾಡ್ದಿ ನೋಡಪಾ.”

 ಆ ಸಂಜೆ ಕಾಕಾ ಚಿಗವ್ವನನ್ನು ಎತ್ತಿ ಮಂಚದ ಮೇಲೆ ಮಲಗಿಸಿ, ಪರದೆ ಇಳಿಬಿಟ್ಟು, ತಾನು ಚಾಪೆಯ ಮೇಲೆ ಬಿದ್ದುಕೊಂಡ. ಕೋಳಿ ಕೂಗಿದಾಗ ರೂಢಿಯಂತೆ ಪರದೆ ಏರಿಸಿದ. ಜ್ವರ ಇದ್ದಲ್ಲೇ ಇತ್ತು. ತೋಳಿನ ಮೇಲೆ ಕೆಂಪು ದದ್ದು ಬೇರೆ ಎದ್ದಿತ್ತು.

ನಾನು ವಾಡಿಗೆ ಓಡಿದೆ. ಅಲ್ಲಿ ಒಬ್ಬ ಮುದಿ ಡಾಕ್ಟರಿದ್ದರು, ಲಡಾಯಿಯಲ್ಲಿ ಬರ್ಮಾದವರೆಗೆ ಹೋಗಿಬಂದವರು. ಬಂದು ನಾಡಿ ಹಿಡಿದರು, ದದ್ದು ನೋಡಿದರು. ಆಮೇಲೆ ಗೂಟಕ್ಕೆ ಸುತ್ತಿಟ್ಟಿದ್ದ ಮಚ್ಛರದಾನಿ ನೋಡಿ, ಇದನ್ನು ಯಾವಾಗ ಕಟ್ಟುತ್ತೀರಿ, ಯಾವಾಗ ತೆಗೆಯುತ್ತೀರಿ ಎಂದು ಕೇಳಿದರು. ಕಾಕಾ ತನ್ನ ವೇಳಾಪಟ್ಟಿ ಒಪ್ಪಿಸಿದ.

“ಈ ಜ್ವರದ ಸೊಳ್ಳಿ ಕಚೇರಿ ನೌಕರ ಇದ್ದಂಗ್ರಿ. ಹಗಲೆಲ್ಲ ಕಡೀತದ, ರಾತ್ರಿ ಮಲಗ್ತದ” ಎಂದರು ಡಾಕ್ಟರು. “ಅದರ ಡ್ಯೂಟಿ ಮುಗದ ಮ್ಯಾಲ ನೀವು ಕಾವಲು ಕುಂತೀರಿ.”

ಇದರ ಹೆಸರು ಡೆಂಗ್ಯೂ, ಬರ್ಮಾದಲ್ಲಿ ಸಿಪಾಯಿಗಳನ್ನು ಸಾಲಾಗಿ ಕೆಡವಿದ್ದನ್ನು ಕಂಡಿದ್ದೇನೆ ಎಂದರು. ಇದಕ್ಕೆ ಕ್ವಿನೈನು ನಾಟುವುದಿಲ್ಲ, ಬೇರೆ ಔಷಧವೂ ಇಲ್ಲ; ನೀರು, ಗಂಜಿ, ವಿಶ್ರಾಂತಿ ಅಷ್ಟೇ. ಹಗಲು ಪರದೆಯೊಳಗೇ ಇರಬೇಕು, ಇಲ್ಲವಾದರೆ ಆಕೆಯನ್ನು ಕಡಿದ ಸೊಳ್ಳೆ ಜ್ವರವನ್ನು ಮಿಕ್ಕವರಿಗೆ ಹಂಚುತ್ತದೆ. ಕೊನೆಗೆ ದನಿ ಇಳಿಸಿ ಹೇಳಿದರು: “ಜ್ವರ ಇಳೀತಂತ ಹಿಗ್ಗಬ್ಯಾಡ್ರಿ. ಇಳದಾಗೇ ಕಣ್ಣಾಗ ಎಣ್ಣಿ ಹಾಕ್ಕೊಂಡು ಕಾಯ್ರಿ. ಕೈಕಾಲು ತಣ್ಣಗಾಗಿ, ಮೂಗಿಂದ ರಕ್ತ ಹರದ್ರ ಭಾಳ ಕಠಿಣ ಅದ.”

ಕಾಕಾನ ಮುಖ ಸುಣ್ಣದಂತಾಯಿತು. ಆದರೂ ತನ್ನ ಮನೆಯಲ್ಲಿ ಸೊಳ್ಳೆ ಹುಟ್ಟುವ ಹಾಗೇ ಇಲ್ಲ, ಗಟಾರ ಕನ್ನಡಿಯಂತಿದೆ ಎಂದು ತೊದಲಿದ.

“ಗಟಾರ ಯಾರಿಗೆ ಬೇಕ್ರಿ? ಇದಕ್ಕ ಚೊಲೋ ನೀರೇ ಆಗಬೇಕು.”

ಡಾಕ್ಟರು ಅಂಗಳಕ್ಕೆ ಇಳಿದು ಡೋಣಿಯಿಂದ ಒಂದು ಬೊಗಸೆ ನೀರೆತ್ತಿ ಕಾಕಾನ ಮುಂದೆ ಹಿಡಿದರು. ಹುಳಗಳು ಬೊಗಸೆಯಲ್ಲೂ ಕುಣಿಯುತ್ತಿದ್ದವು. ಇವೇ ಅದರ ಮರಿಗಳು ಎಂದರು. ಕಾಕಾ ಬೊಗಸೆ ನೋಡಿದ, ಡೋಣಿ ನೋಡಿದ, ಗೂಟದ ಮೇಲಿನ ಮಚ್ಛರದಾನಿ ನೋಡಿದ. 

ಡಾಕ್ಟರು ಹೋದ ಮೇಲೆ ಪಕ್ಕದ ಮನೆಯಿಂದ ಕಲ್ಲು ಒಡೆಯುವ ಸುತ್ತಿಗೆ ತಂದು ಡೋಣಿಗೆ ಹೊಡೆಯತೊಡಗಿದ. ಕೊನೆಗೆ ಅದು ಬಾಯಿ ಬಿಟ್ಟು, ನೀರು ಬಿಸಿಲಿನ ಫರಸಿಯ ಮೇಲೆ ಹರಿದು ಆರಿತು. ಓಣಿಯ ಜನ ಬಂದು ನಿಂತಿದ್ದರು. ಯಾರೂ ನಗಲಿಲ್ಲ.

ಆಮೇಲೆ ನಡುಮಧ್ಯಾಹ್ನ ಮಚ್ಛರದಾನಿ ಇಳಿಯಿತು. ಕಾಕಾ ಅಂಚು ಹಿಡಿದು ನಿಂತ. ಹಿಂದಿನ ಸಂಜೆ ಸುಮ್ಮನೆ ಇಳಿಬಿಟ್ಟಿದ್ದನೇ ಹೊರತು, ಸಿಗಿಸುವ ಕೆಲಸ ಜನ್ಮದಲ್ಲಿ ಮಾಡಿದವನಲ್ಲ! ಒಂದು ಕಡೆ ಸಿಗಿಸಿದರೆ ಇನ್ನೊಂದು ಕಡೆ ಜಾರುತ್ತಿತ್ತು. ಒಳಗಿನಿಂದ ಎಳೆಯಂಥ ದನಿ ಬಂತು:

“ಪಡುವಲ ಮೂಲಿ ಬಿಟ್ರಿ.”

ಕಾಕಾ ಸುತ್ತು ಹಾಕಿ ಪಡುವಲಿಗೆ ಹೋದ.

ಮರುದಿನ ಜ್ವರ ಇಳಿಯಿತು. ಮನೆಯಲ್ಲಿ ಅದಕ್ಕಿಂತ ಹೆಚ್ಚಿನ ದಿಗಿಲು ಬೇರೆ ಇರಲಿಲ್ಲ. ಕಾಕಾ ನೆಲದ ಮೇಲೆ ಕುಳಿತು, ಅಂಚಿನ ಅಡಿಯಿಂದ ಕೈ ತೂರಿಸಿ ಆಕೆಯ ಅಂಗಾಲು ಹಿಡಿದೇ ಇದ್ದ, ತಣ್ಣಗಾದೀತೆಂದು. ಮೂಗಿನಿಂದ ಒಂದು ಕೆಂಪು ಎಳೆ ಇಳಿದಾಗ ತನ್ನ ಧೋತರದ ಚುಂಗಿನಿಂದ ಒರೆಸಿದ. ನಾನು ಗುಟುಕು ಗುಟುಕಾಗಿ ಗಂಜಿ ಕುಡಿಸಿದೆ. ರಕ್ತ ನಿಂತಿತೋ ಇಲ್ಲವೋ ಎಂದು ಇಬ್ಬರೂ ನೋಡುತ್ತಿದ್ದೆವು. ನಿಂತಿತು. ಅಂಗಾಲು ಬೆಚ್ಚಗೇ ಉಳಿಯಿತು. ಸಂಜೆ ಚಿಗವ್ವ ಕಣ್ಣು ತೆರೆದು, ಬಿಳಿ ಧೋತರಕ್ಕೆ ಕಲೆ ಮಾಡಿಕೊಂಡಿರಲ್ಲ, ಒಗೆಯುವವರು ಯಾರು ಎಂದು ಬೈದಳು. ಕಾಕಾ ಆ ಬೈಗುಳವನ್ನು ಪ್ರಸಾದದಂತೆ ಕೇಳಿಸಿಕೊಂಡ.

ಆಕೆ ಎದ್ದು ಓಡಾಡುವಂತಾದ ಮೇಲೆ ಒಂದು ಸಂಜೆ ದೀಪ ಹಚ್ಚಿ, ತಾನೇ ಮಚ್ಛರದಾನಿ ಕಟ್ಟಿ ಗಂಡನನ್ನು ಕರೆದಳು.

“ಬರ್ರಿ, ಹೊತ್ತಾತು.”

“ನೀ ಮಲಕೊ.”

“ನಂಗ ಜ್ವರ ಬಿಟ್ಟದಲ್ರಿ.”

“ಬಿಡಲಿ. ಹೊರಗಿಂದ ಸಿಗಸಾಕ ಒಬ್ಬರು ಬೇಕಲ್ಲ” ಎಂದ ಕಾಕಾ, ಮೊಣಕಾಲು ಹಿಡಿದುಕೊಂಡು ಬಗ್ಗಿ, ಪಡುವಲ ಮೂಲೆಯಿಂದ ಶುರುಮಾಡಿದ.