ಐದೂವರೆಗೆ ಬರುವ ಶಾಂತಾ ಕಾಕು

ಬೆಳಿಗ್ಗೆ ಐದೂವರೆಗೆ ಬಾಗಿಲು ಬಡಿಯುವವರ ಬಗ್ಗೆ ನನಗೆ ಎಂದೂ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಹಾಲಿನವನನ್ನಾದರೂ ಕ್ಷಮಿಸಬಹುದು, ಅವನ ಹಿಂದೆಯೇ ಚಹಾ ಬರುತ್ತದೆ. ಆದರೆ ನನ್ನ ಆರೋಗ್ಯ ಸುಧಾರಿಸಲೆಂದು ಬಾಗಿಲು ಬಡಿಯುವವರನ್ನು ಏನು ಮಾಡಬೇಕು? ಬೈಯುವಂತಿಲ್ಲ, ಬಾಗಿಲು ತೆರೆಯದೆ ಇರುವಂತಿಲ್ಲ. ಅಂಥವರೊಬ್ಬರನ್ನು ನಾನೇ ಕರೆದು ತಲೆಯ ಮೇಲೆ ಕೂರಿಸಿಕೊಂಡೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಎಲ್ಲದಕ್ಕೂ ಖಾನಾಪುರದ ಬಸ್ಸೇ ಕಾರಣ. ನಮ್ಮ ಮನೆ ಬೆಳಗಾವಿಯ ವಡಗಾವಿಯಲ್ಲಿ, ನನ್ನ ಗುಮಾಸ್ತಿಕೆ ಖಾನಾಪುರದಲ್ಲಿ. ಒಂದು ದಿನ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ, ಇನ್ನೊಂದು ಕಾಲು ನೆಲ ಬಿಟ್ಟು ಬರಲು ಒಪ್ಪಲಿಲ್ಲ. ಕಂಡಕ್ಟರ್ ಕೈಹಿಡಿದು ಎಳೆದುಕೊಂಡ. ಅಷ್ಟಕ್ಕೇ ಬಿಟ್ಟಿದ್ದರೆ ಅವನಿಗೆ ಪುಣ್ಯ ಬರುತ್ತಿತ್ತು. "ಅಜ್ಜಿ ಬಂದಾಳ, ಸೀಟ್ ಬಿಡ್ರಿ" ಎಂದು ಇಡೀ ಬಸ್ಸಿಗೆ ಸಾರಿದ. ನನಗಿನ್ನೂ ನಲವತ್ತೊಂಬತ್ತು. ಸೀಟು ಬಿಟ್ಟುಕೊಟ್ಟವರ ತಲೆಯಲ್ಲಿ ಒಂದು ಕಪ್ಪು ಕೂದಲೂ ಇರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ನಾನು ಕುಳಿತುಕೊಂಡೆ.

ಡಾಕ್ಟರರ ಹತ್ತಿರ ಹೋದರೆ, "ಬರೇ ಅಡ್ಡಾಡಿದರ ಸಾಲೂದಿಲ್ರಿ. ವಾರದಾಗ ಮೂರು ದಿನ ಭಾರ ಎತ್ರಿ, ಕಾಳು-ಮೊಸರು ಜಾಸ್ತಿ ತಿನ್ರಿ" ಎಂದರು. ನಮ್ಮ ಓಣಿಯ ತುದಿಯಲ್ಲಿ ಹಳೆಯ ಮಗ್ಗದ ಶೆಡ್ಡೊಂದನ್ನು ಜಿಮ್ ಮಾಡಿದ್ದಾರೆ. ಬೆಳಗಿನ ಹೊತ್ತು ಹೆಂಗಸರಿಗೆ. ಅಲ್ಲಿ ಕಲಿಸುವ ಸ್ನೇಹಲ್ ನನ್ನ ಮಗಳ ವಯಸ್ಸಿನವಳು. ಹೊಗಳುವುದು ಮರಾಠಿಯಲ್ಲಿ, ಬೈಯುವುದು ಕನ್ನಡದಲ್ಲಿ. ಅವಳ ಮರಾಠಿ ಹೇಗಿದೆಯೆಂದು ನನಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ.

ಮೊದಲ ವಾರ ಉತ್ಸಾಹದಿಂದ ಹೋದೆ. ಎರಡನೆಯ ವಾರ ಹೊದಿಕೆಯೇ ಸುಖವೆನಿಸಿತು. "ಜೋಡಿ ಮಾಡ್ಕೋರಿ, ಒಬ್ಬರನ್ನ ಒಬ್ಬರು ಎಬ್ಬಸ್ರಿ" ಎಂದಳು ಸ್ನೇಹಲ್. ನಾನು ಸುತ್ತ ನೋಡಿ ಎಲ್ಲರಿಗಿಂತ ಸೊರಗಿದವರನ್ನೇ ಆರಿಸಿಕೊಂಡೆ. ಮೂರು ಓಣಿ ಆಚೆಯ ಶಾಂತಾ ಕಾಕು, ಎಲ್ಲರಿಗೂ ಚಿಕ್ಕಮ್ಮ, ಪಾರಿಶ್ವಾಡದ ಹೆಣ್ಣುಮಗಳು, ಅರವತ್ತರ ಹತ್ತಿರ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡೇ ಡಂಬೆಲ್ ಹಿಡಿಯುವವರು. ಇವರೇನು ದಿನಾ ಬಂದಾರು, ಇಬ್ಬರೂ ಜೊತೆಯಾಗಿಯೇ ತಪ್ಪಿಸಿಕೊಂಡರಾಯಿತು ಎಂಬುದು ನನ್ನ ಲೆಕ್ಕಾಚಾರ.

ಅವರು ಒಂದು ದಿನವೂ ತಪ್ಪಿಸಲಿಲ್ಲ. "ಸುನಂದಾ, ಎದ್ದಿಯೇನವಾ?" ಎಂದು ಬಾಗಿಲಲ್ಲಿ ಕೂಗಿದರೆ ಇಡೀ ಓಣಿ ಏಳುತ್ತಿತ್ತು, ನಾನೊಬ್ಬಳನ್ನು ಬಿಟ್ಟು. ಮೊಣಕಾಲು ನೋವೆಂದರೆ, "ಹಂಗಾರ ಇವತ್ತ ಕೈ ಕಸರತ್ತ ಮಾಡೂಣು ಬಾ." ಮಳೆಯೆಂದರೆ ಎರಡು ಛತ್ರಿ ಹಿಡಿದು ನಿಂತಿರುತ್ತಿದ್ದರು. ಒಮ್ಮೆ ಗಂಡನನ್ನು ಮುಂದೆ ಮಾಡಿ, ಮೊದಲನೇ ಬಸ್ಸಿಗೇ ಖಾನಾಪುರಕ್ಕೆ ಹೋದಳೆಂದು ಹೇಳಿಸಿದೆ. ಕಾಕು ಬಾಗಿಲ ಬಳಿಯ ನನ್ನ ಚಪ್ಪಲಿ ನೋಡಿ, "ಬರಿಗಾಲಲೇ ಹೋದಳೇನ್ರಿ?" ಎಂದರಂತೆ. ನನ್ನ ಗಂಡ ಅಷ್ಟು ಸುಳ್ಳಿಗೇ ಬೆವರಿ, ಒಳಗೆ ಬಂದು ನನ್ನನ್ನು ಎಬ್ಬಿಸಿಬಿಟ್ಟ.

ಊಟದ ತನಿಖೆ ಬೇರೆ. "ನಿನ್ನೆ ಏನ ಉಂಡಿ?" ಆಫೀಸಿನಲ್ಲಿ ಯಾರದೋ ಬಡ್ತಿಯ ನೆವದಲ್ಲಿ ಎರಡು ಬಟ್ಟಲು ಸಿಹಿ ಕುಂದಾ ತಿಂದಿದ್ದೆ. "ಮಡಿಕಿಕಾಳ ಪಲ್ಯಾ, ಎರಡು ರೊಟ್ಟಿ" ಎಂದೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಮರುದಿನದಿಂದ ಮೊಳಕೆ ಕಟ್ಟಿದ ಮಡಿಕಿಕಾಳಿನ ಡಬ್ಬಿಯೂ ಬರತೊಡಗಿತು.

ಎರಡು ತಿಂಗಳು ತಡೆದೆ. ಒಂದು ದಿನ, ನಿದ್ದೆ ಕೆಟ್ಟ ಸಿಟ್ಟಿನಲ್ಲಿ, ಬಾಗಿಲು ಅರ್ಧ ತೆರೆದು ಅಂದುಬಿಟ್ಟೆ: "ಕಾಕು, ನಿಮಗೇನ್ರಿ, ಮನ್ಯಾಗ ಕೆಲಸಿಲ್ಲ ಬಗಸಿಲ್ಲ. ನಾ ದುಡಿಯಾಕ ಹೋಗಬೇಕು. ನನ್ನ ಬಿಟ್ಟಬಿಡ್ರಿ."

ಅವರು ಕೈಯಲ್ಲಿದ್ದ ಕಾಳಿನ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟರು. "ಆತವಾ, ಮಲಕೋ" ಎಂದು ಹೊರಟುಹೋದರು.

ಆಮೇಲೆ ಬಾಗಿಲು ಬಡಿಯಲಿಲ್ಲ. ವಿಚಿತ್ರವೆಂದರೆ ನಾನೇ ಐದೂವರೆಗೆ ಎಚ್ಚೆತ್ತು, ಇನ್ನೂ ಯಾಕೆ ಬಡಿಯಲಿಲ್ಲ ಎಂದು ಸಿಟ್ಟಿಗೇಳುತ್ತಿದ್ದೆ. ಒಂದು ವಾರ ಕಳೆದ ಮೇಲೆ ಕ್ಷಮೆ ಕೇಳೋಣವೆಂದು ಜಿಮ್ಮಿಗೆ ಹೋದೆ. ಕಾಕು ಇರಲಿಲ್ಲ.

"ಅವರು ಈಗ ಐದಕ್ಕ ಬಂದು ಹೋಗತಾರ್ರಿ," ಎಂದಳು ಸ್ನೇಹಲ್. "ಮನ್ಯಾಗ ಯಜಮಾನ್ರನ್ನ, ಕಾಕಾನ್ನ, ಎತ್ತಿ ಕುರ್ಚಿಗೆ ಕುಂಡ್ರಸಬೇಕಲ್ಲ."

"ಎತ್ತೂದಂದ್ರ?"

ಅವಳು ನನ್ನ ಮುಖವನ್ನೇ ನೋಡಿದಳು. "ನೀವು ಅವರ ಜೋಡಿ ಅಲ್ಲೇನ್ರಿ? ನಾಲ್ಕು ತಿಂಗಳಾತು, ಕಾಕಾಗ ಲಕ್ವಾ ಹೊಡದೈತಿ. ಅವರನ್ನ ಎತ್ತಾಕ ಶಕ್ತಿ ಬೇಕಂತನ ಕಾಕು ಇಲ್ಲಿ ಬಂದಾರ."

ಕಾಕುವಿನ ಗಂಡನಿಗೆ ಮೈಯಲ್ಲಿ ಹುಷಾರಿಲ್ಲವೆಂದು ಕೇಳಿದ್ದೆ. ಎಲ್ಲರಿಗೂ ಇರುವ ಹಾಗೆ ಸಕ್ಕರೆಯೋ ಬಿ.ಪಿ.ಯೋ ಇರಬೇಕು ಎಂದುಕೊಂಡು ಸುಮ್ಮನಿದ್ದೆ. ಅಲ್ಲಿಂದ ನೇರ ಅವರ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಮಂಚದ ಅಂಚಿನಲ್ಲಿ ಕಾಕಾ, ಮಗ್ಗ ಜಗ್ಗಿದ ದೊಡ್ಡ ಆಳು. ಕಾಕು ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ಅವರ ನಡುವನ್ನು ತಬ್ಬಿ, "ಏಳ್ರಿ" ಎಂದರು. ಆ ಸಣ್ಣ ದೇಹ ಆ ದೊಡ್ಡ ದೇಹವನ್ನು ಎಬ್ಬಿಸಿ, ತಿರುಗಿಸಿ, ಕುರ್ಚಿಯ ಮೇಲೆ ಹಗುರಾಗಿ ಕೂರಿಸಿತು.

"ಬಾ ಸುನಂದಾ, ಕುಂದರ," ಎಂದರು, ಏನೂ ಆಗಿಲ್ಲವೆಂಬಂತೆ. "ಮೊದಲ ಎತ್ತಾಕ ಬಾಜೂ ಮನಿಯವರನ್ನ ಕರೀತಿದ್ದೆ. ಇವರಿಗೆ ನಾಚಿಕಿ ಬಂದು ಕಣ್ಣ ಮುಚ್ಚಿಕೋತಿದ್ರು. ಈಗ ಯಾರನ್ನೂ ಕರಿಯೂದಿಲ್ಲ."

"ನನಗ್ಯಾಕ ಹೇಳಲಿಲ್ರಿ ಕಾಕು?"

"ನೀ ಕೇಳಲಿಲ್ಲಲ್ಲವಾ." ಸೆರಗಿನಿಂದ ಮುಖ ಒರೆಸಿಕೊಂಡರು. "ಖರೇ ಹೇಳಬೇಕಂದ್ರ, ನನಗೂ ಏಳೂ ಮನಸ ಇರತಿರಲಿಲ್ಲ. ನಿನ್ನ ಎಬ್ಬಸಬೇಕಲ್ಲಾ ಅಂತ ಏಳತಿದ್ದೆ."

ತಪ್ಪು ಮಾಡಿದ ಮೇಲೆ ಸುಮ್ಮನೆ ಕೂರುವ ಬುದ್ಧಿ ನನಗಿಲ್ಲ. ಕಾಕಾ ಕುರ್ಚಿಯಲ್ಲಿ ತುಸು ಜಾರಿದಂತೆ ಕಂಡಿತು. "ನಾ ಸರಿ ಮಾಡತೇನಿ" ಎಂದು ಧಾವಿಸಿದೆ. "ತಡಿ, ಬೆನ್ನ ಬಗ್ಗಸಬ್ಯಾಡ" ಎಂದು ಕಾಕು ಕೂಗುವಷ್ಟರಲ್ಲಿ ಬಗ್ಗಿಸಿಯಾಗಿತ್ತು. ಸೊಂಟದಲ್ಲಿ ಏನೋ ಹಿಡಿದುಕೊಂಡಿತು. ಕಾಕಾ ಇದ್ದಲ್ಲೇ ಇದ್ದರು. ನಾನು ಅವರ ಕಾಲ ಬಳಿ ನೆಲದ ಮೇಲೆ ಕುಸಿದು ಕುಳಿತಿದ್ದೆ.

ಕಾಕಾ ನನ್ನನ್ನು ನೋಡಿದರು. ಅವರ ತುಟಿ ಬಹಳ ಹೊತ್ತು ಅಲುಗಾಡಿತು. ಆಮೇಲೆ ಒಂದೊಂದೇ ಶಬ್ದ ಹೊರಬಂತು: "ಈಕಿನ್ನ... ಯಾರ... ಎತ್ತಾವರು?"

ಕಾಕು ನನ್ನನ್ನು ದಾಟಿಕೊಂಡೇ ಕುರ್ಚಿಯ ಹತ್ತಿರ ಬಂದರು. ನಾಲ್ಕು ತಿಂಗಳಿಂದ "ಹಾಂ", "ನೀರ" ಎಂಬುದರ ಆಚೆ ಆ ಬಾಯಿಂದ ಏನೂ ಬಂದಿರಲಿಲ್ಲವಂತೆ. ಅವರ ಎರಡೂ ಗಲ್ಲ ಹಿಡಿದುಕೊಂಡು, ಅಳುತ್ತ ನಗುತ್ತ, "ಇನ್ನೊಮ್ಮೆ ಅನ್ರಿ, ಇನ್ನೊಮ್ಮೆ ಅನ್ರಿ" ಎಂದರು. ಕಾಕಾ ಇನ್ನೊಮ್ಮೆ ಅಂದರು, ಈ ಸಲ ಬೆರಳು ತೋರಿಸಿ. ಗದ್ದಲ ಕೇಳಿ ಅಕ್ಕಪಕ್ಕದವರು ಓಡಿಬಂದರು. ಬಂದವರಿಗೆಲ್ಲ ಕೇಳಲೆಂದು ಮತ್ತೆ ಮತ್ತೆ ಅನ್ನಿಸಿದರು. ಪ್ರತಿ ಸಲವೂ ಮಾತು ಇನ್ನಷ್ಟು ಸ್ಪಷ್ಟವಾಗುತ್ತಿತ್ತು. ಎಲ್ಲರೂ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಆದರೆ ಆ ಸಂಭ್ರಮದಲ್ಲಿ ಕಾಕಾ ಕೇಳುತ್ತಿರುವುದು ಪ್ರಶ್ನೆ, ಅದಕ್ಕೊಂದು ಉತ್ತರ ಬೇಕು ಎಂಬುದು ನೆಲದ ಮೇಲಿದ್ದ ನನ್ನ ಹೊರತು ಯಾರಿಗೂ ಹೊಳೆಯಲಿಲ್ಲ.