ಕುಣಿಯದ ಗೆರೆ

ನಮ್ಮಣ್ಣನ ಕೋಣೆಯಲ್ಲಿ ಒಬ್ಬ ಹೆಂಗಸಿದ್ದಾಳೆ. ಮದುವೆಯಾಗಿಲ್ಲ, ಊಟ ಮಾಡುವುದಿಲ್ಲ, ಮೈ ಎಂಬುದೂ ಇಲ್ಲ! ಅಣ್ಣನಿಗೆ ಹುಟ್ಟಿನಿಂದ ಕಣ್ಣು ಕಾಣದು. ಕಂಪ್ಯೂಟರಿನ ಪರದೆ ಮೇಲೆ ಬಂದದ್ದನ್ನೆಲ್ಲ ಓದಿ ಹೇಳುವ ಸಾಫ್ಟ್‌ವೇರಿನ ದನಿ ಅವಳು. ಅಣ್ಣ ಅವಳನ್ನು ಎಷ್ಟು ಜೋರಾಗಿ ಓಡಿಸುತ್ತಾನೆಂದರೆ, ನಮಗೆ ಕೇಳಿಸುವುದು ಒಗ್ಗರಣೆಗೆ ಸಾಸಿವೆ ಸಿಡಿದ ಸದ್ದು ಮಾತ್ರ.

ಹೊಳೆನರಸೀಪುರದ ನಮ್ಮ ಮನೆಯಲ್ಲೇ ಅಣ್ಣ ಊರವರ ಹಾಡು ರೆಕಾರ್ಡ್ ಮಾಡಿಕೊಡುತ್ತಿದ್ದ. ಬಸ್ಸಿನ ಹಾರನ್ ಸದ್ದು ಒಳಗೆ ಬರಬಾರದೆಂದು ಕಿಟಕಿಗೆಲ್ಲ ಕೌದಿ ಹೊದಿಸಿದ್ದಾನೆ. ನಡುಮಧ್ಯಾಹ್ನವೂ ಕಗ್ಗತ್ತಲು. ಅವನಿಗೆ ದೀಪ ಯಾಕೆ? ಆ ಕತ್ತಲಿನಿಂದ ಹೆಣ್ಣುದನಿಯೊಂದು ಪಟಪಟನೆ ಮಾತಾಡಿ, ಕತ್ತು ಹಿಸುಕಿದಂತೆ ನಿಂತುಬಿಟ್ಟರೆ ಕೇಳಿದವರ ಗತಿ? ಎದುರುಮನೆಯ ಅಕ್ಕ ಮಂತ್ರಿಸಿದ ನಿಂಬೆಹಣ್ಣನ್ನೇ ತಂದರು.

"ನಿಮ್ಮಣ್ಣಂಗೆ ಯಾವ್ದೋ ಹೆಣ್ಣು ಮೆಟ್ಕಂಡೈತೆ ಕಣವ್ವಾ."

"ಮೆಟ್ಕಂಡಿದ್ರೆ ವಾಸಿಯಾಗಿತ್ತು ಕಣಕ್ಕಾ!" ಎಂದ ಅಣ್ಣ ಒಳಗಿನಿಂದ. "ಬಿಟ್ಟು ಬಿಟ್ಟು ಓಯ್ತಾಳೆ, ಅದೇ ತಾಪತ್ರಯ!"

ನಿಜವೇ. ಹಾಡು ಹಿಡಿಯುವ ಸಾಫ್ಟ್‌ವೇರ್ ತೆರೆದೊಡನೆ ಅದರ ಡ್ರೈವರ್, ಎಂದರೆ ಸದ್ದು ನಡೆಸುವ ಪ್ರೋಗ್ರಾಂ, ಸದ್ದಿನ ದಾರಿಯನ್ನೆಲ್ಲ ತಾನೇ ಹಿಡಿದುಕೊಳ್ಳುತ್ತದೆ. ಓದುವವಳ ಬಾಯಿ ಕಟ್ಟುತ್ತದೆ. ಒಂದೇ ನಲ್ಲಿಗೆ ಇಬ್ಬರು ಓರಗಿತ್ತಿಯರು ಬಿಂದಿಗೆ ಇಟ್ಟಂತೆ! ಆಗ ಅಣ್ಣ ಕೂಗುತ್ತಾನೆ: "ಲೇ ಪುಟ್ಟೀ, ಇವ್ಳು ಮೂಕಿಯಾದ್ಲು. ಏನ್ ಬರ್ದೈತೆ ನೋಡು ಬಾರೇ."

ನೋಡಲು ನನಗೆ ಕಣ್ಣಿದೆ. ಓದಲು? ಅಣ್ಣ ಹಾಸನದ ಹಾಸ್ಟೆಲಿನಲ್ಲಿದ್ದು ಓದಿದವನು. ನಾನು ಐದನೇ ಕ್ಲಾಸಿಗೆ ಬಿಟ್ಟವಳು. ಇಂಗ್ಲಿಷು ನನಗೆ ಇರುವೆ ಸಾಲು. ಕಣ್ಣಿಲ್ಲದವನ ಮುಂದೆ ಓದಲು ಬಾರದು ಎನ್ನುವುದು ಹೇಗೆ? "ಎಲ್ಲಾ ಸರಿ ಐತಂತೆ ಕಣಣ್ಣಾ" ಎಂದು ಸಿಕ್ಕಿದ ಗುಂಡಿ ಒತ್ತುತ್ತಿದ್ದೆ. ಹೇಗೋ ನಡೆಯುತ್ತಿತ್ತು.

ಎರಡು ವರ್ಷದ ಹಿಂದೆ ಅರಕಲಗೂಡಿನಿಂದ ನಮ್ಮ ಸೋದರತ್ತೆ ಬಂದಳು. ಅಣ್ಣನನ್ನು ತೊಡೆಯ ಮೇಲೆ ಹಾಕಿಕೊಂಡು ರಾಗಿ ಬೀಸುವ ಪದ ಹೇಳಿ ಬೆಳೆಸಿದವಳು. ಮೈಕಿನ ಮುಂದೆ ಕೂರಿಸಿದರೆ ತಕರಾರು! "ಈ ಗೂಟುದ್ ಮುಂದೆ ಎಂಗ್ಲಾ ಹಾಡಾದು? ಇದು ಊಂ ಅನ್ನಾಕಿಲ್ವಲ್ಲಾ!"

ಅಂತೂ ಹಾಡಿದಳು. ಅದಕ್ಕೆ ಮೊದಲು ಪರದೆಯಲ್ಲಿ ಏನೋ ಬರಹ ಬಂತು. ಸರಿ ಐತೆ ಎಂದು ಒತ್ತಿದೆ. ದನಿ ಒಳಗೆ ಹೋಗುತ್ತಿದ್ದರೆ ಪರದೆಯ ಗೆರೆ ಏರಿಳಿದು ಕುಣಿಯಬೇಕು. ಅದು ಚಾಪೆಯಂತೆ ಮಲಗಿತ್ತು.

"ಕುಣೀತಾ ಐತೇನೇ?"

"ಕುಣೀತೈತೆ ಕಣಣ್ಣಾ."

ಅತ್ತೆ ಮರುದಿನ ಊರಿಗೆ ಹೋದಳು. ತಿಂಗಳಾಗುವುದರೊಳಗೆ ತೀರಿಕೊಂಡಳು. ಅಣ್ಣ ಹಾಡು ತೆರೆದ. ಎಂಟು ನಿಮಿಷ, ಬರೀ ಮೌನ.

"ಗೆರೆ ಐತಲ್ವೇನೇ?"

"ಐತೆ."

"ಅಂಗಾರೆ ಅತ್ತೆ ಒಳಗವ್ಳೆ. ಡ್ರೈವರ್ ಈಚೆಗ್ ಬಿಡ್ತಿಲ್ಲ."

ಅಂದಿನಿಂದ ಡ್ರೈವರ್ ತೆಗೆಯುವುದು, ಇನ್ನೊಂದು ಹಾಕುವುದು! ದಿನಾ ಕತ್ತಲಲ್ಲಿ ಆ ಹೆಂಗಸು "ಅತ್ತೆ ಹಾಡು" ಎಂದು ಫೈಲಿನ ಹೆಸರು ಓದುತ್ತಾಳೆ, ಮೂಕಿಯಾಗುತ್ತಾಳೆ. ಅಣ್ಣ ಸ್ಪೀಕರಿಗೆ ಅಂಗೈ ಒತ್ತಿ ಕೂರುತ್ತಾನೆ. "ಶ್... ಉಸುರು ಎಳ್ಕಂಡ್ಲು ನೋಡು!" ಸುಳ್ಳು ಹೇಳಿದ ನನಗೇ ಒಂದು ದಿನ ಬೀಸುವ ಕಲ್ಲಿನ ಸದ್ದು ಕೇಳಿಸಿ ಮೈ ಜುಮ್ಮೆಂದಿತು!

ಬೇರೆಯವರ ಹಾಡು ಹಿಡಿಯುವುದನ್ನು ನಿಲ್ಲಿಸಿಬಿಟ್ಟ. ಅತ್ತೆಯ ಮೇಲೆ ಇನ್ಯಾರದೋ ದನಿ ಬಿದ್ದರೆ?

ಚನ್ನರಾಯಪಟ್ಟಣದಿಂದ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದ. ಅವನು ಬಂದಾಗ ಅಣ್ಣ ಬಚ್ಚಲಲ್ಲಿದ್ದ. ಕಣ್ಣಿರುವವನು ಆ ಗೆರೆ ನೋಡಿದರೆ ನನ್ನ ಗತಿ? ಬಾಗಿಲಲ್ಲೇ ತಡೆದೆ. "ಮನೇಲಿ ಯಾರೂ ಇಲ್ಲ ಸಾ."

ಅಷ್ಟರಲ್ಲಿ ಕತ್ತಲಿನಿಂದ ಅವಳು ತನ್ನಷ್ಟಕ್ಕೆ ಪಟಪಟ ಅಂದಳು.

"ಮತ್ಯಾರವ್ವಾ ಅದು ಮಾತಾಡ್ತಿರಾದು?"

"ಯಾರೂ ಇಲ್ಲ ಸಾ, ದೇವ್ರಾಣೆ!"

ಅವನು ಬೈಕ್ ಹತ್ತಿದ ವೇಗ ನೋಡಬೇಕಿತ್ತು! ನಕ್ಕೆ. ಆಮೇಲೆ ಹಿತ್ತಿಲಿಗೆ ಹೋಗಿ ಕಣ್ಣೀರು ಹಾಕಿದೆ.

ಹೋದ ವಾರ ಅಣ್ಣ ನನ್ನ ಕೈ ಹಿಡಿದುಕೊಂಡ. "ಸದ್ದು ಬರ್ದಿದ್ರೆ ಬ್ಯಾಡ ಬಿಡು. ಗೆರೆ ಮ್ಯಾಲೆ ನಿನ್ ಬೆಳ್ಳು ಆಡ್ಸು. ಅತ್ತೆ ಎಲ್ಲಿ ಏರುಸ್ತಾಳೆ, ಎಲ್ಲಿ ಇಳುಸ್ತಾಳೆ, ಅಷ್ಟಾದ್ರೂ ಗೊತ್ತಾಗ್ಲಿ."

ಬಾಯಿ ಸುಳ್ಳು ಹೇಳೀತು, ಬೆರಳಿಗೆ ಆಗಲಿಲ್ಲ. ಅವನ ಕೈಯೊಳಗೇ ಪರದೆಯ ಈ ಅಂಚಿನಿಂದ ಆ ಅಂಚಿಗೆ ನೆಟ್ಟಗೆ ಹೋಯಿತು.

"ಆವತ್ತಿಂದ್ಲೂ ಇಂಗೇನಾ?"

"ಊ ಕಣಣ್ಣಾ. ನಂಗೆ ಇಂಗ್ಲಿಷ್ ಓದಾಕ್ ಬರಾಕಿಲ್ಲ."

ನನ್ನ ಬೆರಳು ಹಿಡಿದೇ ಕೇಳಿದ: "ನಿನ್ನ ಇಸ್ಕೂಲ್ ಯಾಕ್ ಬಿಡ್ಸಿದ್ರು?"

"ಅವ್ವ ನಿನ್ನ ಹಾಸನಕ್ಕೆ ಬಿಡಾಕೆ, ಕರ್ಕಂಬರಾಕೆ ಓಡಾಡ್ತಿದ್ಲಲ್ಲಾ. ಮನೇಲಿ ಹಸ ನೋಡ್ಕಳಾರ್ಯಾರು?"

ಅದು ಅವನಿಗೆ ಗೊತ್ತೇ ಇರಲಿಲ್ಲ. ಹಿಡಿದ ಬೆರಳು ಬಿಡದೆ ಕೀಬೋರ್ಡಿಗೆ ತಂದು ಒಂದು ಗುಂಡಿ ಒತ್ತಿಸಿದ. "ಎ" ಎಂದಿತು ದನಿ. ಪರದೆಯಲ್ಲಿ ಇಂಗ್ಲಿಷಿನ ಒಂದೇ ಒಂದು ದೊಡ್ಡಕ್ಷರ ನಿಂತಿತು.

"ಎಂಗೈತೆ ಯೋಳು," ಎಂದ. "ನಾನೂ ನೋಡಿಲ್ಲ."

ಕಣ್ಣೊರೆಸಿಕೊಂಡು ನೋಡಿದೆ.

"ಏಣಿ ತರ ಐತೆ ಕಣಣ್ಣಾ. ಒಂದೇ ಮೆಟ್ಲು."