ಪ್ರಪಂಚದ ಬೀಗದ ಕೈ

ನಮ್ಮ ಹೈಸ್ಕೂಲಲ್ಲಿ ಪ್ರಪಂಚದ ಚರಿತ್ರೆ ಪಾಠ ಇದ್ದ ದಿನ ಏನಾದರೊಂದು ಆಗೇ ಆಗುತ್ತೆ. ಆಗಲಿಲ್ಲ ಅಂದ್ರೆ ಆವತ್ತು ಕರೆಂಟಿಲ್ಲ ಅಂತ ಅರ್ಥ.

ನಾನು ಅಲ್ಲಿನ ಜವಾನ. ಊರು ಜಂಗಮಕೋಟೆ ಪಕ್ಕ. ಓದಿರೋದು ಕಮ್ಮಿ. ಗಂಟೆ ಹೊಡೀತೀನಿ, ಬಾಗಿಲು ತೆಗೀತೀನಿ. ಹೋದ ವರ್ಷ ಶಾಲೆಗೆ ಕಂಪ್ಯೂಟರ್ ಬಂತು, ಇಂಟರ್ನೆಟ್ ಬಂತು, ಗೋಡೆ ಮೇಲೆ ಚಿತ್ರ ಬಿಡೋ ಪ್ರೊಜೆಕ್ಟರ್ ಬಂತು. ತಂದುಕೊಟ್ಟ ಸಾಹೇಬರು ಹೋಗುವಾಗ ಒಂದು ಮಾತು ಹೇಳಿದರು.

"ಒಂದು ವರ್ಷ ನೋಡ್ತೀವಿ. ಮಕ್ಕಳು ಇದರಲ್ಲಿ ಏನೂ ಕಲೀಲಿಲ್ಲ ಅಂದ್ರೆ ತಾಲ್ಲೂಕು ಶಾಲೆಗೆ ಎತ್ಕೊಂಡು ಹೋಗ್ತೀವಿ."

ಆ ರೂಮಿನ ಬೀಗದ ಕೈ ನನ್ನ ಉಡಿದಾರದಲ್ಲಿದೆ. ಅದು ನನ್ನ ಕೈಗೆ ಬರೋಕೆ ಸ್ವಲ್ಪ ಮುಂಚೆ ನನ್ನ ಹೆಂಡತಿ ತೀರಿಹೋದಳು. ಅವಳು ಸಮುದ್ರ ನೋಡಿರಲಿಲ್ಲ. ನಾನೂ ನೋಡಿಲ್ಲ. ಶಾಲೆ ಬಿಟ್ಟ ಮೇಲೆ ಮನೆ ಕಡೆ ಕಾಲು ಬರಲ್ಲ. ಚರಿತ್ರೆ ಮೇಡಂ ಹೊರಡುವಾಗ ಗೋಡೆ ಮೇಲೆ ಸಮುದ್ರ ಹಾಕಿಕೊಟ್ಟು ಹೋಗ್ತಾರೆ. ಕೂತು ನೋಡ್ತೀನಿ. ಆಮೇಲೆ ಬೀಗ ಹಾಕ್ತೀನಿ.

ಈ ಕಂಪ್ಯೂಟರ್ ಪೆಟ್ಟಿಗೆಗಳು ಹೋದರೆ ಮೇಡಂಗೆ ಪಾಠ ಹೋಗುತ್ತೆ. ನನಗೆ ಸಂಜೆ ಹೋಗುತ್ತೆ.

ಬೊಟ್ಟು

ಆಯುಧಪೂಜೆ ದಿನ ರೂಮು ತೊಳೆದೆ. ಕಂಪ್ಯೂಟರಿಗೆಲ್ಲ ವಿಭೂತಿ, ಹೂವು. ಪ್ರೊಜೆಕ್ಟರಿಗೆ ಕಣ್ಣಿನ ತರ ಒಂದು ಗಾಜು ಇದೆ. ಮುಖ್ಯವಾದ ಜಾಗ ಅಂತ ಅಲ್ಲಿಗೇ ಒಂದು ದೊಡ್ಡ ಕುಂಕುಮದ ಬೊಟ್ಟಿಟ್ಟೆ.

ರಜ ಮುಗಿದು ಪಾಠ ಶುರುವಾಯ್ತು. ಪಿರಮಿಡ್ಡು ಬಂತು, ನಡುವೆ ಕೆಂಪಗೆ. ರೋಮಿನ ರಾಜ ಬಂದ, ಹಣೆ ಕೆಂಪಗೆ. ಚೀನಾದ ಗೋಡೆ ಬಂತು, ಅದಕ್ಕೂ.

"ಮಿಸ್, ಇವರೆಲ್ಲ ನಮ್ಮವರೇನಾ?" ಅಂದಳು ಮುಂದಿನ ಬೆಂಚಿನವಳು.

ಮೇಡಂ ನನ್ನ ಕಡೆ ತಿರುಗಿದರು. ನಾನು ಸೂರು ನೋಡಿದೆ.

ಹಿಂದಿನ ಬೆಂಚಿಂದ ಒಬ್ಬ ಹೇಳಿದ, "ಗೋಡೆದು ಗೃಹಪ್ರವೇಶ ಆಗಿದೆ ಮಿಸ್. ಊಟಕ್ಕೆ ಕರೆದಿಲ್ಲ ಅಷ್ಟೆ."

ರಸ್ತೆ

ಇನ್ನೊಂದು ದಿನ ರೇಷ್ಮೆ ರಸ್ತೆ ಪಾಠ. ಚೀನಾದಿಂದ ರೋಮಿನ ತನಕ ರೇಷ್ಮೆ ಹೋಗ್ತಿದ್ದ ದಾರಿ. ಮೇಡಂ ಮ್ಯಾಪಲ್ಲಿ ಕೆಂಪು ಗೆರೆ ತೋರಿಸಿದರು. ನಮ್ಮದು ರೇಷ್ಮೆ ಸೀಮೆ. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು, ಮನೆಗೆ ಹೋಗಿ ಹೇಳಿದರು.

ಮಾರನೇ ದಿನ ಬೆಳಿಗ್ಗೆ ಗೇಟಿನ ಹತ್ರ ಜನ. ಎಲ್ಲರಿಗೂ ಹಿಪ್ಪುನೇರಳೆ ತೋಟ ಇದೆ. ಮುಂದೆ ಒಬ್ಬ ಮುದುಕಪ್ಪ, ತೆಲುಗು ಮನೆಮಾತಿನವರು.

"ಅಮ್ಮಾ, ರೋಡ್ಡು ಮಾ ತೋಟಲೋ ವಸ್ತುಂದಾ? ನಮ್ಮ ತೋಟದ ಮೇಲೆ ರಸ್ತೆಗೆ ಕೆಂಪು ಗೆರೆ ಹಾಕಿದ್ದಾರಂತೆ. ತೋಟ ಬಿಡಲ್ಲಮ್ಮ ನಾವು."

ಮೇಡಂ ಎಲ್ಲರನ್ನೂ ರೂಮಿಗೆ ಕರೆದು ಮ್ಯಾಪ್ ಹಾಕಿದರು. "ನೋಡಿ ತಾತ, ಇದು ಇಲ್ಲಿ ಬರೋದೇ ಇಲ್ಲ. ಎರಡು ಸಾವಿರ ವರ್ಷದ ಹಿಂದಿನ ರಸ್ತೆ ಇದು."

ತಾತ ಟವೆಲ್ ಒದರಿ ಹೆಗಲಿಗೆ ಹಾಕ್ಕೊಂಡರು.

"ಸರ್ಕಾರದ ರಸ್ತೆ ಅಲ್ವಾಮ್ಮ. ಅಷ್ಟು ತಡ ಆಗುತ್ತೆ. ಬಂದೇ ಬರುತ್ತೆ."

ಎಡೆ

ಮೆಕ್ಸಿಕೋ ಅಂತ ಒಂದು ದೇಶ. ಅಲ್ಲಿ ವರ್ಷಕ್ಕೊಂದು ಸಲ ಸತ್ತವರ ಫೋಟೋ ಇಟ್ಟು, ಹೂವಿಟ್ಟು, ಅವರಿಗೆ ಇಷ್ಟವಾದ ತಿಂಡಿ ಇಡ್ತಾರೆ. ಮೇಡಂ ವಿಡಿಯೋ ಹಾಕಿದರು.

"ಇದು ನಮ್ಮ ಮಹಾಲಯ ಅಮಾವಾಸ್ಯೆ ಮಿಸ್," ಅಂದರು ಎಲ್ಲರೂ.

"ಅಲ್ಲಿ ಬಾಟ್ಲಿ ಇದೆ ಮಿಸ್," ಅಂದ ಒಬ್ಬ ಹುಡುಗ.

"ಅವರ ತಾತಂಗೆ ಇಷ್ಟ ಇತ್ತೇನೋ ಕಣಪ್ಪ."

"ನಮ್ಮ ತಾತಂಗೂ ಇಡ್ತೀವಿ. ಎಡೆ ಎತ್ತೋ ಹೊತ್ತಿಗೆ ಚಿಕ್ಕಪ್ಪ ಖಾಲಿ ಮಾಡಿರ್ತಾರೆ."

ನಗು ನಿಂತ ಮೇಲೆ ಒಬ್ಬಳು ನನ್ನ ಕಡೆ ತಿರುಗಿದಳು. "ಮಾಮ, ಅತ್ತೆಗೆ ಏನಿಟ್ರಿ?"

ಮೇಡಂ ಅವಳನ್ನ ಗದರೋಕೆ ಹೋದರು. ನಾನು ಬೇಡ ಅಂದೆ. "ಒಬ್ಬಟ್ಟು," ಅಂದೆ.

"ಯಾರು ಮಾಡಿದ್ದು?"

"ನಾನೇ."

"ಹಾಗಾದ್ರೆ ಅತ್ತೆ ತಿಂದಿರಲ್ಲ ಬಿಡಿ."

ಕಾಗೆನೂ ತಿಂದಿರಲಿಲ್ಲ.

ಹುಳದ ಮನೆ

ವರ್ಷ ತುಂಬಿತು. ಸಾಹೇಬರು ಬರೋ ದಿನ ಗೊತ್ತಾಯ್ತು. ಆವತ್ತು ನಮ್ಮ ಮಕ್ಕಳು ಜಪಾನಿನ ಒಂದು ಶಾಲೆ ಮಕ್ಕಳ ಜೊತೆ ವಿಡಿಯೋದಲ್ಲಿ ಮಾತಾಡಬೇಕು. ಮೇಡಂ ಎಲ್ಲ ಏರ್ಪಾಟು ಮಾಡಿದ್ದರು. ಮಾತಾಡೋಕೆ ಹತ್ತನೇ ಕ್ಲಾಸಿನ ಒಬ್ಬ ಹುಡುಗಿ. ಇಂಗ್ಲಿಷು ಚೆನ್ನಾಗಿ ಬರುತ್ತೆ.

ಬೆಳಿಗ್ಗೆ ಸಾಹೇಬರು ಬಂದರು. ಇಸ್ತ್ರಿ ಬಟ್ಟೆ, ಘಮಘಮ ಸೆಂಟು. ಕ್ಲಾಸಲ್ಲಿ ನೋಡಿದರೆ ಬೆಂಚು ಅರ್ಧ ಖಾಲಿ. ಆ ಹುಡುಗಿನೂ ಇಲ್ಲ.

"ಎಲ್ಲಿ ಮಕ್ಕಳು?"

"ಹುಳ ಹಣ್ಣಾಗಿದೆ ಸಾರ್," ಅಂದರು ಇದ್ದವರು.

ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟೋಕೆ ತಯಾರಾದರೆ ಕಾಯಲ್ಲ. ಒಂದೊಂದೇ ಆರಿಸಿ ಚಂದ್ರಿಕೆಗೆ, ಅಂದ್ರೆ ಗೂಡು ಕಟ್ಟೋ ಬಿದಿರು ತಟ್ಟೆಗೆ, ಬಿಡಬೇಕು. ತಡ ಆದ್ರೆ ಬೆಳೆ ಹೋಯ್ತು. ಮನೆಯವರು, ಪಕ್ಕದವರು, ಮಕ್ಕಳು ಎಲ್ಲರೂ ಬೇಕು.

ಸಾಹೇಬರು ಗಡಿಯಾರ ನೋಡಿದರು. "ನಾನು ಕಣ್ಣಾರೆ ನೋಡ್ಬೇಕು ಮೇಡಂ. ಇಲ್ಲಾಂದ್ರೆ ವ್ಯಾನ್ ಕರೆಸ್ತೀನಿ."

ನನ್ನ ಕೈ ಬೀಗದ ಕೈ ಮೇಲೆ ಹೋಯ್ತು. "ಹುಡುಗಿ ಮನೆ ಶಾಲೆ ಹಿಂದೇನೇ," ಅಂದೆ. "ಇಂಟರ್ನೆಟ್ ಸಿಗುತ್ತೆ, ಅಲ್ಲಿಗೇ ಹೋಗಣ."

ಮೇಡಂ ಶಾಲೆ ಲ್ಯಾಪ್‌ಟಾಪ್ ಹಿಡಿದರು. ನಾನು ಮುಂದೆ, ಸಾಹೇಬರು ಹಿಂದೆ. ಹುಳದ ಮನೆ ಬಾಗಿಲಲ್ಲಿ ಹುಡುಗಿಯ ಅಜ್ಜಿ ಕೂತಿದ್ದರು. ಹುಳ ಹಣ್ಣಾದಾಗ ಹೊರಗಿನವರ ಕಾಲು ಒಳಗೆ ಬೀಳಬಾರದು, ವಾಸನೆನೂ ಹೋಗಬಾರದು. ಅಜ್ಜಿ ಸಾಹೇಬರ ಕಡೆ ಮೂಗು ಎತ್ತಿದರು.

"ಸೆಂಟು ಹಾಕ್ಕೊಂಡಿದ್ದೀರ. ಹುಳ ಗೂಡು ಕಟ್ಟಲ್ಲ. ಆ ಕಿಟಕಿ ಹತ್ರ ನಿಂತ್ಕೊಳಿ."

ಮೇಡಂನೂ ಬಿಡಲಿಲ್ಲ, ನನ್ನನ್ನೂ ಬಿಡಲಿಲ್ಲ. ಲ್ಯಾಪ್‌ಟಾಪನ್ನ ಒಣಬಟ್ಟೇಲಿ ಒರೆಸಿ ಮೊಮ್ಮಗಳ ಕೈಗೆ ಕೊಟ್ಟರು. ಅಷ್ಟರಲ್ಲಿ ಪರದೆ ಮೇಲೆ ಜಪಾನಿನ ಮಕ್ಕಳು ಸಾಲಾಗಿ ಕಾಣಿಸಿದರು.

"ನಿಂತ್ಕೊಳೇ," ಅಂದರು ಅಜ್ಜಿ. "ಇವರು ಕಾಲು ತೊಳ್ಕೊಂಡಿದ್ದಾರಾ ಕೇಳು."

ಹುಡುಗಿ ಇಂಗ್ಲಿಷಲ್ಲಿ ಕೇಳಿದಳು. ಆ ಕಡೆ ಗುಜುಗುಜು. ಆಮೇಲೆ ಅವರ ಮೇಷ್ಟ್ರು ಒಂದು ಕಾಲು ಎತ್ತಿ ತೋರಿಸಿದರು. ಬೆಳ್ಳಗಿನ ಚಪ್ಪಲಿ. ಅಲ್ಲಿ ಬೀದಿ ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಶಾಲೆ ಒಳಗೆ ಬೇರೆ ಹಾಕ್ಕೊಳ್ತಾರಂತೆ.

"ಒಳ್ಳೆ ಮನೆ ಮಕ್ಕಳು. ಬರಲಿ."

ನಾವು ಕಿಟಕಿಗೆ ಹಾಕಿದ್ದ ನೊಣದ ಬಲೆಯಿಂದ ನೋಡಿದೆವು. ಹುಡುಗಿ ಒಂದು ಹಣ್ಣು ಹುಳ ಎತ್ತಿ ಬೆಳಕಿಗೆ ಹಿಡಿದಳು. ಒಳಗೆಲ್ಲ ಜೇನಿನ ಬಣ್ಣ. ರೇಷ್ಮೆ ರಸ್ತೆ ಇದರಿಂದಲೇ ಶುರು ಅಂತ ಶುರು ಮಾಡಿ, ಪಾಠ ಪೂರ್ತಿ ಒಪ್ಪಿಸಿದಳು. ಆ ಕಡೆ ಒಬ್ಬಳು, ನಮ್ಮ ಅಜ್ಜಿನೂ ಹುಳ ಸಾಕ್ತಿದ್ದರು, ಈಗ ಬಿಟ್ಟಿದ್ದಾರೆ ಅಂದಳಂತೆ.

"ಯಾಕಂತೆ?"

"ರೇಟ್ ಸಿಗಲಿಲ್ವಂತೆ."

"ಅಲ್ಲೂ ಅದೇ ಗೋಳಾ," ಅಂದು ಅಜ್ಜಿ ಪರದೆಗೆ ಕೈ ಮುಗಿದರು. ಅಲ್ಲಿನವರೆಲ್ಲ ಎದ್ದು ಬಗ್ಗಿ ನಮಸ್ಕಾರ ಮಾಡಿದರು.

ಸಾಹೇಬರ ಹಣೆ ಮೇಲೆ ಕಿಟಕಿ ಬಲೆಯ ಚೌಕದ ಗುರುತು ಬಿದ್ದಿತ್ತು. "ಆಯ್ತು ಮೇಡಂ," ಅಂದರು. "ಪೆಟ್ಟಿಗೆ ಇಲ್ಲೇ ಇರಲಿ."

ನಾನು ಬೀಗದ ಕೈ ಬಿಟ್ಟೆ. ಅಂಗೈಯಲ್ಲಿ ಅದರ ಗುರುತು ಬಿದ್ದಿತ್ತು. ಸಂಜೆಗೆ ಸಮುದ್ರ ಇದೆ.

ಸಾಹೇಬರಿಗೆ ಕಿಟಕಿ ಬಿಡೋ ಮನಸ್ಸಿಲ್ಲ. "ಅಜ್ಜಿ, ಜಪಾನಿನವರನ್ನೆಲ್ಲ ಒಳಗೆ ಬಿಟ್ರಿ. ನಾನು ಚಿಕ್ಕಬಳ್ಳಾಪುರದಿಂದ ಬಂದಿದ್ದೀನಿ. ಒಂದು ನಿಮಿಷ ನೋಡಿ ಬರ್ತೀನಿ."

ಅಜ್ಜಿ ತಲೆ ಎತ್ತಲಿಲ್ಲ. ಹುಳ ಆರಿಸ್ತಾನೇ ಹೇಳಿದರು.

"ಅಷ್ಟು ಆಸೆ ಇದ್ರೆ ಜಪಾನಿಗೆ ಹೋಗಪ್ಪ. ಅಲ್ಲಿಂದ ಬಾ."